ರುಚಿ ನೋಡುವವಳು

“ಗುರುಗಳೇ, ನಾಲಿಗೆಯ ಆಸೆಯನ್ನೆಲ್ಲ ಬಿಟ್ಟಿದ್ದೇನೆ. ನನ್ನ ಪಾಡಿಗೆ ಗಂಜಿ ಕುಡಿದು ಸುಮ್ಮನಿರುತ್ತೇನೆ. ಆದರೂ ಹೆಂಡತಿಯ ಮುಖ ಸಪ್ಪಗಿದೆ. ನಾನು ಬಿಟ್ಟರೆ ಯಾರಿಗೇನು ನಷ್ಟ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ನಕ್ಕರು. “ಗಂಜಿ ಕುಡಿದವನಿಗೆ ಇಷ್ಟೊಂದು ಜಂಬವೇ? ಕೂತುಕೋ” ಎಂದು ಹೇಳತೊಡಗಿದರು.

ಒಬ್ಬ ಬೇಕರಿಯವನಿದ್ದ. ಚಾಕೊಲೇಟ್ ಕೇಕು ಮಾಡುವುದರಲ್ಲಿ ಅವನದು ಎತ್ತಿದ ಕೈ. ಆದರೆ ಹೆಂಡತಿ ರುಚಿ ನೋಡಿ ಹೂಂ ಅನ್ನದೆ ಒಂದು ತುಂಡೂ ಅಂಗಡಿಯ ಕಪಾಟಿಗೆ ಹೋಗುತ್ತಿರಲಿಲ್ಲ. ಬೆಳಗಿನ ಹೊತ್ತು ಇಬ್ಬರೂ ಒಲೆಯ ಪಕ್ಕ ಕೂತು ಒಂದೇ ತಟ್ಟೆಯಿಂದ ತಿನ್ನುತ್ತ ಜಗಳವಾಡುತ್ತಿದ್ದರು. ಅವರ ಸಂಸಾರದ ಸುಖವೆಲ್ಲ ಅಲ್ಲೇ ಇತ್ತು.

ಹೆಂಡತಿಗೆ ಹೊಟ್ಟೆಯ ತೊಂದರೆ ಶುರುವಾಯಿತು. ಏನು ತಿಂದರೂ ಉಬ್ಬರ, ನೋವು. ವೈದ್ಯರು ಒಂದು ಪಥ್ಯ ಹೇಳಿದರು. ಅದಕ್ಕೆ ಲೋ ಫಾಡ್‌ಮ್ಯಾಪ್ ಎಂದು ಹೆಸರಂತೆ. ನನ್ನ ಬಾಯಿಗೆ ಅದು ನೆಟ್ಟಗೆ ಬರುವುದಿಲ್ಲ. ಗೋಧಿ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಕೆಲವು ವಾರ ಬೇಡ, ಹೊಟ್ಟೆ ಶಾಂತವಾದ ಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿಂದು ನೋಡಿ ಎಂದರು. ಅವಳು ಮೊದಲರ್ಧವನ್ನು ಪಾಲಿಸಿದಳು. ನೋವು ನಿಂತಿತು. ಉಳಿದರ್ಧಕ್ಕೆ ಧೈರ್ಯ ಬರಲಿಲ್ಲ. ಎರಡು ವರ್ಷ ಅನ್ನ, ಸಪ್ಪೆ ಸಾರಿನಲ್ಲೇ ಕಳೆದಳು. ಒಲೆಯ ಕಡೆ ಬರುವುದನ್ನೂ ನಿಲ್ಲಿಸಿಬಿಟ್ಟಳು.

ಒಬ್ಬನೇ ರುಚಿ ನೋಡಿ ಕೇಕನ್ನು ಕಪಾಟಿಗಿಡುತ್ತಿದ್ದ ಬೇಕರಿಯವನಿಗೆ ಕೆಲಸವೇ ಬೇಸರವಾಯಿತು. ಪಾಪ, ಹೇಳಿಕೊಳ್ಳಲೂ ಆಗದು. ವೈದ್ಯರನ್ನು ಕೇಳಿ ಬಂದ. ಅಕ್ಕಿಹಿಟ್ಟು ಆಗುತ್ತದೆ, ಸಕ್ಕರೆ ಆಗುತ್ತದೆ, ಕಪ್ಪು ಚಾಕೊಲೇಟು ಮಿತವಾಗಿದ್ದರೆ ಅದೂ ಆಗುತ್ತದೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬೇಯಿಸತೊಡಗಿದ. ಒಮ್ಮೆ ಪುಡಿಯಾಯಿತು, ಒಮ್ಮೆ ಇಟ್ಟಿಗೆಯಂತಾಯಿತು. ಕೊನೆಗೊಂದು ದಿನ ಎರಡು ಬೆರಳಗಲದ ತುಂಡನ್ನು ತಟ್ಟೆಯಲ್ಲಿಟ್ಟು ಹೆಂಡತಿಯ ಮುಂದೆ ತಂದ.

“ಬೇಡ ಕಣ್ರೀ. ಹೊಟ್ಟೆ ಸುಮ್ನಿದೆ, ಅದನ್ಯಾಕೆ ಕೆಣಕಲಿ?” ಎಂದಳು.

“ಹಾಲಿಲ್ಲ, ಗೋಧಿ ಇಲ್ಲ. ಡಾಕ್ಟ್ರೇ ಆಗಬಹುದು ಅಂದಿದಾರೆ.”

“ಮತ್ತೆ ಇನ್ನೇನಿದೆ ಇದ್ರಲ್ಲಿ?”

“ಹದಿನಾಲ್ಕು ಸಲ ಕೆಡಿಸಿದ್ದಿದೆ ಕಣೇ.”

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ತಿಂದಳು. ಆ ದಿನವೆಲ್ಲ ಇಬ್ಬರೂ ಅವಳ ಹೊಟ್ಟೆಯನ್ನೇ ಕಾಯುತ್ತ ಕೂತರು. ಹೊಟ್ಟೆ ತಕರಾರು ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ತಾನಾಗಿಯೇ ಒಲೆಯ ಪಕ್ಕ ಬಂದು ಕೂತು, “ನಿನ್ನೆಯದಕ್ಕೆ ಚಿಟಿಕೆ ಉಪ್ಪು ಬೇಕಿತ್ತು” ಎಂದಳು. ಬೇಕರಿಯವನಿಗೆ ಆದ ಸಂತೋಷವನ್ನು ನಾನು ಹೇಳಲಾರೆ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮುರಿಗೆಪ್ಪ ಪಟ್ಟು ಬಿಡಲಿಲ್ಲ. “ಆ ತುಂಡನ್ನು ತಿನ್ನದಿದ್ದರೆ ಅವಳಿಗೆ ಏನು ನಷ್ಟವಾಗುತ್ತಿತ್ತು?” ಎಂದ.

“ಅವಳಿಗೇನೂ ಇಲ್ಲಪ್ಪ, ಅವಳ ಗಂಡ ಒಬ್ಬನೇ ಕೂತು ತಿನ್ನುತ್ತಿದ್ದ, ಈಗ ನಿನ್ನ ಹೆಂಡತಿ ತಿನ್ನುವ ಹಾಗೆ.”