ಬೀಡಿ ಹಚ್ಚದೆ ಕೂತವನು

ಪೂಜ್ಯ ಚೆನ್ನಮಲ್ಲಯ್ಯ ಅಜ್ಜನವರು ಆ ವರ್ಷ ಕಾಲುವೆ ಅಗೆಯುವವರ ತಗಡಿನ ಶೆಡ್ಡುಗಳ ನಡುವೆಯೇ ಬಿಡಾರ ಹೂಡಿದ್ದರು. ದೇವದುರ್ಗದ ಕಡೆಯಿಂದ ದುಡಿಯಲು ಬಂದ ಗಂಡಾಳುಗಳು ಉಂಡದ್ದೇ ಅವರಿಗೂ ಪ್ರಸಾದ. ಅದೇ ಜೋಳದ ನುಚ್ಚು, ಅದೇ ಖಾರ.

ಒಂದು ಸಂಜೆ ಅವರಲ್ಲೊಬ್ಬನಾದ ಸಾಬಣ್ಣ ಬಂದು ಅಜ್ಜನವರ ಪಾದದ ಬಳಿ ಬೀಡಿ ಕಟ್ಟು ಇಟ್ಟ. ಹೀಗೆ ಇಟ್ಟು ಆಣೆ ಮಾಡಲು ಬಂದದ್ದು ನಾಲ್ಕನೆಯ ಸಲ. ಹಿಂದಿನ ಮೂರೂ ಎರಡೆರಡು ದಿನಕ್ಕೇ ನೀರುಪಾಲಾಗಿದ್ದವು. ಈಗ ಕೆಮ್ಮಿದರೆ ಕಫದಲ್ಲಿ ರಕ್ತ. ಬೀಡಿ ಬಿಡದಿದ್ದರೆ ಜೀವ ಉಳಿಯುವ ನಂಬಿಕೆ ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

“ನನ್ನ ಮನಸ್ಸ ಹೊಲಸದ್ರಿ ಅಜ್ಜಾರ,” ಎಂದ.

ಅಜ್ಜನವರು ಕಟ್ಟನ್ನು ಮುಟ್ಟಲಿಲ್ಲ. “ಊರಾಗ ಸೇದ್ತಿದ್ದೇನು?” ಎಂದು ಕೇಳಿದರು.

“ಇಲ್ರಿ. ಇಲ್ಲಿ ಬಂದ ಮ್ಯಾಲೇ ಹತ್ತಿದ್ದು. ಸೇದವ್ರಿಗಷ್ಟ ಕುಂದ್ರಾಕ ಬಿಡ್ತಾರ್ರಿ. ಕೈಯಾಗ ಬೀಡಿ ಇಲ್ಲಂದ್ರ ಬುಟ್ಟಿ ಹೊರಬೇಕು.”

ಮರುದಿನ ಹತ್ತು ಗಂಟೆಗೆ ಮೇಸ್ತ್ರಿ ತಿರುಕಪ್ಪ ವಾಡಿಕೆಯಂತೆ “ಬೀಡಿ ಸೇದ್ರಿ” ಎಂದು ಕೂಗಿದ. ಸೇದುವವರು ಜಾಲಿಯ ನೆರಳಿಗೆ ಹೋದರು. ಸೇದದವರು ಮಣ್ಣು ಹೊರುತ್ತಲೇ ಇದ್ದರು. ಸಾಬಣ್ಣನೂ ಅವರೊಳಗೆ ಏದುಸಿರು ಬಿಡುತ್ತಿದ್ದ. ಅಷ್ಟರಲ್ಲಿ ಅಜ್ಜನವರು ಬಂದು, ಅವನ ತಲೆಯ ಬುಟ್ಟಿಯನ್ನು ತಾವೇ ಇಳಿಸಿ, ಕೈ ಹಿಡಿದು ನೆರಳಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು.

ತಿರುಕಪ್ಪ ದೇವರು ಬಂದರೂ ಹಾಜರಿ ಕೇಳುವ ಆಸಾಮಿ. ಸೀದಾ ಬಂದು ನಿಂತ. “ಬೀಡಿ ಇಲ್ದ ಯಾಕ ಕುಂತಿಯೋ?”

ಕೆಲಸ ಹೋಯಿತೆಂದು ಸಾಬಣ್ಣ ಬುಟ್ಟಿಯತ್ತ ಏಳಹೋದ. ಉತ್ತರ ಅಜ್ಜನವರಿಂದ ಬಂತು.

“ದಣಿದಾನ ಅನ್ನಾಕ ಬೀಡೀನ ಸಾಕ್ಷಿ ಹೇಳಬೇಕೇನಪಾ?”

ತಿರುಕಪ್ಪನ ಬೆರಳ ನಡುವೆಯೂ ಒಂದು ಬೀಡಿ ಉರಿಯುತ್ತಿತ್ತು. ಅದನ್ನೇ ನೋಡುತ್ತ, “ನಾನೂ ಹಿಂಗ ಕಲ್ತಿದ್ದು ಅಜ್ಜಾರ,” ಎಂದು ಸಣ್ಣ ದನಿಯಲ್ಲಿ ಹೇಳಿ, ಕಾಲುವೆಯ ಕಡೆ ತಿರುಗಿದ. “ಎಲ್ಲಾರೂ ಬುಟ್ಟಿ ಇಳಸ್ರಿ. ಕುಂದರ್ರಿ.”

ಮಣ್ಣು ಹೊರುತ್ತಿದ್ದವರು ಮೊದಲು ನಂಬಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದು ಕೂತರು. ಚಟವೇನು ಹೇಳಿದ ಕೂಡಲೇ ಎದ್ದು ಹೋಗುವ ನೆಂಟನಲ್ಲ. ಸಾಬಣ್ಣನ ಕೈ ಹತ್ತು ಸಲ ಜೇಬಿಗೆ ಹೋಯಿತು, ಹತ್ತು ಸಲವೂ ಹಾಗೇ ಬಂತು. ಏಳುವಾಗ ಅವನು ಅಜ್ಜನವರ ಪಾದ ಹಿಡಿದು ಮನಸಾರೆ ಅತ್ತ. ಆಣೆ ಮಾಡಲಿಲ್ಲ, ಅಜ್ಜನವರೂ ಕೇಳಲಿಲ್ಲ. ಕಾಲುವೆ ಮುಗಿಯುವ ತನಕ ಸಾಬಣ್ಣ ದಿನವೂ ಬರಿಗೈಯಲ್ಲೇ ಕೂತ.