ಪದುಮಲೆಗೆ ಗುರು ಸಿಕ್ಕಿದ್ದು

ಚಂದ್ರಗಾವಿಯ ಅರಸ ಕೇತರಸ ಊರೂರಲ್ಲಿ ಡಂಗುರ ಸಾರಿಸಿದ. ರಾಜಕುಮಾರಿ ಪದುಮಲೆ ಕೇಳುವ ಮೂರು ಒಗಟುಗಳನ್ನು ಒಡೆದವನು ಅವಳ ಗುರುವಾಗುತ್ತಾನೆ, ಬೇಡಿದ್ದನ್ನು ಪಡೆಯುತ್ತಾನೆ; ಸೋತವನ ತಲೆ ಹುಣ್ಣಿಮೆಯ ದಿನ ಉರುಳುತ್ತದೆ.

ಪದುಮಲೆಗೆ ಹದಿನೈದು ವರ್ಷ. ಹಿಂದಿನ ವರ್ಷದವರೆಗೂ ಓದಿನಲ್ಲಿ ಚುರುಕಾಗಿದ್ದ ಹುಡುಗಿ ಇದ್ದಕ್ಕಿದ್ದಂತೆ ಓಲೆಗರಿಗಳನ್ನೆಲ್ಲ ಕೊಳಕ್ಕೆ ಎಸೆದು, ಯಾರ ಮಾತಿಗೂ ಬಗ್ಗದವಳಾಗಿದ್ದಳು. ಒಗಟುಗಳು ಅವಳವು. ತಲೆಯ ಷರತ್ತು ಬೇಸತ್ತ ಅರಸನದು.

ಒಗಟು ಹೊರಬೀಳಬಾರದೆಂದು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಹಾಗೆ ಹೋದ ಏಳು ಜನ ಸೆರೆಮನೆ ಸೇರಿದರು. ಏಳನೆಯವರು ತ್ರಿವಿಕ್ರಮ ಪಂಡಿತರು. ಆ ಸುದ್ದಿ ಕೇಳಿದ ದಿನವೇ ಅವರ ಹಳೆಯ ಶಿಷ್ಯ ಸಂಕಣ್ಣ ಮಗ್ಗ ಬಿಟ್ಟೆದ್ದ. ಕಂಬಳಿ ನೇಯುತ್ತ, ಹಟ್ಟಿಯ ಮಕ್ಕಳಿಗೆ ಅಕ್ಷರ ಕಲಿಸಿಕೊಂಡಿದ್ದ ಇಪ್ಪತ್ತೆರಡರ ಯುವಕ. ಪಂಡಿತರೇ ಸೋತಲ್ಲಿ ನೀನೇನು ಗೆದ್ದೀಯ ಎಂದು ಅರಮನೆಯ ದ್ವಾರಪಾಲಕ ನಕ್ಕ. ಸಂಕಣ್ಣ ಕೈಗಂಟಿದ್ದ ಉಣ್ಣೆ ಕೊಡವಿಕೊಂಡು ಒಳಗೆ ನಡೆದ.

ಪದುಮಲೆ ಅವನನ್ನು ಕೂರಲೂ ಹೇಳಲಿಲ್ಲ. "ಬೈದಷ್ಟೂ ಬೆಳೆಯುತ್ತದೆ, ಕಿವಿಗೊಟ್ಟರೆ ಕರಗುತ್ತದೆ. ಏನದು?"

ಒಬ್ಬ ಇದಕ್ಕೆ ಬೆಂಕಿ ಎಂದಿದ್ದ, ಇಬ್ಬರು ಬಿರುಗಾಳಿ ಎಂದಿದ್ದರು. ಸಂಕಣ್ಣನಿಗೆ ಹಟ್ಟಿಯ ಮಕ್ಕಳ ಮುಖಗಳು ಕಣ್ಣ ಮುಂದೆ ಬಂದವು. "ಹರೆಯದವರ ಹಟ, ತಾಯೀ. ದಿನಾ ನೋಡ್ತೀನಿ."

ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. "ಒಬ್ಬರು ಎಸೆದು ಮರೆಯುತ್ತಾರೆ. ಇನ್ನೊಬ್ಬರು ಅದನ್ನು ಬದುಕೆಲ್ಲ ಹೊತ್ತು ತಿರುಗುತ್ತಾರೆ."

ಕಲ್ಲು ಎಂದವರು, ಶಾಪ ಎಂದವರು ಸೆರೆಯಲ್ಲಿದ್ದರು. ಸಂಕಣ್ಣ ಅವಳ ಬಿಗಿದ ತುಟಿಯನ್ನೇ ನೋಡಿದ; ಕೊಳಕ್ಕೆ ಬಿದ್ದ ಓಲೆಗರಿಗಳ ಸುದ್ದಿ ನೆನಪಾಯಿತು. "ಗುರು ನಾಲ್ಕು ಜನರ ಮುಂದೆ ಆಡಿದ ಚುಚ್ಚುಮಾತು," ಎಂದ. ತುಸು ತಡೆದು, ನಿಮಗೆ ಯಾರು ಏನಂದರು ಎಂದು ಮೆಲ್ಲಗೆ ಕೇಳಿದ.

ಅದುವರೆಗೆ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಹಿಂದಿನ ವರ್ಷ ಅರಮನೆಯ ಗುರು ಗೆಳತಿಯರ ಎದುರು ಅವಳ ಪದ್ಯವನ್ನು ಅಣಕಿಸಿ ಓದಿ, ಈ ಬುದ್ಧಿಗೆ ಗಂಡನ ಮನೆಯೇ ಸಾಕು ಎಂದಿದ್ದನಂತೆ. ಪಕ್ಕದಲ್ಲಿದ್ದ ಅರಸ ಅದನ್ನು ಅಂದೇ ಮೊದಲು ಕೇಳಿದ್ದು. ಅವನು ತಲೆ ತಗ್ಗಿಸಿದ.

ಪದುಮಲೆ ಕಣ್ಣೊರೆಸಿಕೊಂಡು ಮೂರನೆಯದನ್ನು ಕೇಳಿದಳು. "ಸಾಕ್ಷಿ ಸಿಗುವ ಮೊದಲೇ ಕೊಡಬೇಕು. ಸಿಕ್ಕ ಮೇಲೆ ಕೊಟ್ಟರೆ ಅದು ಅದಲ್ಲ. ಪಡೆದವನು ಅದಕ್ಕೆ ತಕ್ಕವನಾಗಲು ಹೆಣಗುತ್ತಾನೆ."

ಇಲ್ಲಿಯತನಕ ಬಂದಿದ್ದವರು ತ್ರಿವಿಕ್ರಮ ಪಂಡಿತರೊಬ್ಬರೇ. ವಿದ್ಯೆ ಎಂದು ಹೇಳಿ ಸೋತರೆಂದು ಅವಳೇ ಹೇಳಿದಳು. ಸಂಕಣ್ಣನಿಗೆ ನಗು ಬಂತು.

"ನಂಬಿಕೆ," ಎಂದ. "ಹದಿನಾಲ್ಕರಲ್ಲಿ ನಾನು ಕಳ್ಳ, ತಾಯೀ. ಪಂಡಿತರ ಮಠದ ಉಗ್ರಾಣದಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದೆ. ಓಡಿಸಿ ಅಂತ ಎಲ್ಲರೂ ಹೇಳಿದರು. ಪಂಡಿತರು ಮರುದಿನ ಉಗ್ರಾಣದ ಬೀಗದ ಕೈ ನನ್ನ ಕೈಗೇ ಕೊಟ್ಟು, ಇವತ್ತಿಂದ ನೀನು ನೋಡ್ಕೊ ಅಂದರು. ಆಮೇಲೆ ಒಂದು ದಿನವೂ ಒಳಗೆ ಇಣುಕಿ ನೋಡಲಿಲ್ಲ. ನಾನೂ ಮತ್ತೆ ಕದಿಯಲಿಲ್ಲ. ಅವರಿಗೆ ಅದು ಉಸಿರಾಡಿದಷ್ಟು ಸಹಜ. ಅದಕ್ಕೇ ಹೆಸರು ಹೊಳೆದಿಲ್ಲ."

ಪದುಮಲೆ ಎದ್ದು ನಿಂತಳು. ಮೂರೂ ಸರಿ ಎಂದಳು.

ಏನು ಬೇಕೆಂದು ಅರಸ ಕೇಳಿದಾಗ ಸಂಕಣ್ಣ ಏಳು ತಲೆಗಳನ್ನು ಬೇಡಿದ, ಅವರವರ ಕತ್ತಿನ ಮೇಲೇ ಇರುವಂತೆ. ಅರಸ ತಾನೇ ಹೋಗಿ ಸೆರೆಮನೆ ತೆರೆಸಿದ. ಎಲ್ಲರಿಗಿಂತ ಕೊನೆಗೆ ಹೊರಬಂದ ಪಂಡಿತರು ಶಿಷ್ಯನನ್ನು ಗುರುತಿಸಿ, ಹಟ್ಟಿಯಲ್ಲಿ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ವಿಚಾರಿಸಿದರು. ಆ ವಾರವೇ ಆ ಮಕ್ಕಳಿಗೂ ಅರಮನೆಯ ಪಾಠಶಾಲೆಯಲ್ಲಿ ಜಾಗವಾಯಿತು.

ಮೊದಲ ಪಾಠದ ದಿನ ಸಂಕಣ್ಣ ಬರುವಷ್ಟರಲ್ಲಿ ಪದುಮಲೆ ಬಂದು ಕುಳಿತಿದ್ದಳು. ಅವನು ಬರೆದ ಸಾಲಿನಲ್ಲಿ ಅವಳು ತಪ್ಪೊಂದನ್ನು ಹಿಡಿದಳು. ಹಟ್ಟಿಯ ಮಕ್ಕಳೆಲ್ಲ ಸಂಕಣ್ಣನತ್ತ ತಿರುಗಿದರು. ಸಂಕಣ್ಣ ಓಲೆಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ.

"ಹೌದಮ್ಮ, ನೀವು ಹೇಳಿದ್ದೇ ಸರಿ," ಎಂದು ತಿದ್ದಿಕೊಂಡ.