ತಳವಾರನಿಲ್ಲದ ಮನೆ

ಒಬ್ಬ ಮನುಷ್ಯನ ಕಿಡ್ನಿಯೊಳಗೆ ಒಂದು ಜೀವಕೋಶ ಸಂಸಾರ ಹೂಡಿತ್ತು. ಅದರ ಮನೆಯಲ್ಲಿ ಎರಡು ಪ್ರೊಟೀನುಗಳು ಆಳುಗಳಾಗಿದ್ದವು. ಒಬ್ಬ ಡಂಗುರದವನು, ಪ್ರಾಣವಾಯು ಸಾಲದಾದಾಗ ಕೂಗಿ ರಕ್ತನಾಳಗಳನ್ನು ಕರೆಯುವುದು ಅವನ ಕೆಲಸ. ಇನ್ನೊಬ್ಬ ತಳವಾರ, ಪ್ರಾಣವಾಯು ಇರುವಷ್ಟು ಹೊತ್ತೂ ಡಂಗುರದವನ ಬಾಯಿ ಕಟ್ಟುವುದು ಅವನ ಕೆಲಸ.

ಕೋಶಕ್ಕೆ ಇದೇ ಕಣ್ಣುರಿ. "ತಳವಾರಾ, ಅವನು ಕೂಗಿದರೆ ನಿನ್ನ ಗಂಟೇನು ಹೋಗುತ್ತದೆ? ನಾಲ್ಕು ನಾಳ ಹೆಚ್ಚಿಗೆ ಬಂದರೆ ನಾನು ಮೈ ತುಂಬಿಕೊಂಡೇನು."

"ಒಡೆಯಾ, ಉಸಿರಿದ್ದೂ ಇಲ್ಲವೆಂದು ಸಾರುವ ಮನೆ ಊರನ್ನೇ ತಿನ್ನುತ್ತದೆ," ಎಂದ ತಳವಾರ.

ಕೋಶ ಎರಡಾಗುವಾಗ ಡಿಎನ್‌ಎಯಲ್ಲಿರುವ ಹಿರಿಯರ ಬರಹವನ್ನು ಒಂದಕ್ಷರ ಬಿಡದೆ ನಕಲು ಮಾಡುವುದು ಅದರ ಕುಲದ ವಾಡಿಕೆ. ಈ ಸಲ ಅದು ತಳವಾರನ ನೇಮಕದ ಸಾಲನ್ನೇ ನುಂಗಿಹಾಕಿತು. ಆಮೇಲೆ ಆ ವಂಶದಲ್ಲಿ ತಳವಾರ ಹುಟ್ಟಲಿಲ್ಲ.

"ಉಸಿರು ಕಟ್ಟಿತು, ಬನ್ನಿ!" ಎಂದು ಡಂಗುರದವನು ಹಗಲಿರುಳು ಕೂಗಿದ. ಪಾಪ, ನಾಳಗಳು ನಂಬಿ ಬಂದವು, ಕರೆದಾಗಲೆಲ್ಲ ಬಂದವು. ಕೋಶ ಕೊಬ್ಬಿತು, ಒಂದು ಸಾವಿರವಾಯಿತು, ಕ್ಯಾನ್ಸರ್ ಗಡ್ಡೆಯಾಯಿತು. ಅದೇ ನಾಳಗಳ ದಾರಿ ಹಿಡಿದು ಶ್ವಾಸಕೋಶಕ್ಕೂ ಹೋಗಿ ಬೇರು ಬಿಟ್ಟಿತು.

ಒಂದು ಮಧ್ಯಾಹ್ನ ಆ ಮನುಷ್ಯನ ಉಸಿರು ನಿಂತಿತು. ಗಡ್ಡೆಯೊಳಗೆ ಪ್ರಾಣವಾಯು ಬತ್ತಿತು.

"ಕೂಗೋ, ಗಟ್ಟಿಯಾಗಿ ಕೂಗೋ!" ಎಂದು ಕೋಶ ಅರಚಿತು.

"ಕೂಗುತ್ತಲೇ ಇದ್ದೇನೆ ಒಡೆಯಾ," ಎಂದ ಡಂಗುರದವನು. "ಇವತ್ತೊಂದೇ ದಿನ ನಿಜ ಕೂಗುತ್ತಿದ್ದೇನೆ. ಬರುವವರೆಲ್ಲ ತಣ್ಣಗಾಗಿದ್ದಾರೆ."